ಏಳನೇ ಗಾಳ

ಬೆಳಿಗ್ಗೆ ಹತ್ತೂವರೆಗೆ ಟೀಚರಮ್ಮ ನನ್ನ ರಿಸೆಪ್ಷನ್ ಮೇಜಿನ ಮುಂದೆ ಬಂದು ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ಈ ವಾರ ನಾನು ಬಿಟ್ಟಿದ್ದು ಆರೇ ಗಾಳ. ಇವತ್ತು ಹತ್ತಕ್ಕೆ 'ಪಾಸ್‌ವರ್ಡ್ ಬದಲಿಸಿ' ಅಂತ ಬಂತಲ್ಲ, ಆ ಏಳನೇದು ನಂದಲ್ಲ."

ನಮ್ಮದು ಬೀಗದ ಕಂಪನಿ. ಊರಿಗೆಲ್ಲ ಬೀಗ ಮಾರುವ ನಾವು ಹೋದ ವರ್ಷ ಒಂದು ಕಳ್ಳ ಮೇಲ್ ನಂಬಿ ಪಾಸ್‌ವರ್ಡ್ ಕೊಟ್ಟು ಕೂತೆವು. ಆಮೇಲೆ ಎರಡು ಗಂಟೆಯ ಉಪನ್ಯಾಸ ಇಟ್ಟರೆ ಅರ್ಧ ಜನ ಗೊರಕೆ ಹೊಡೆದರು. ಕೊನೆಗೆ ಯಜಮಾನಿ ಈ ಹುಡುಗಿಯನ್ನು ಕರೆತಂದರು; ನಮಗೆಲ್ಲ ಇವಳೇ ಟೀಚರಮ್ಮ. ಇವಳು ಪಾಠ ಮಾಡಲಿಲ್ಲ, ಆಟ ಕಟ್ಟಿದಳು. ಅವಳು ಕಳಿಸುವ ಸುಳ್ಳು ಮೇಲ್‌ಗೆ 'ಗಾಳ' ಅಂತ ಹೆಸರು. ಅದರ ಲಿಂಕ್ ಒತ್ತಿದರೆ ಹತ್ತು ಅಂಕ ಖೋತಾ. ಗುರುತಿಸಿ, ಹೇಗೆ ಗೊತ್ತಾಯಿತೆಂದು ಚೀಟಿ ಬರೆದು ನನ್ನ ಮೇಜಿನ ಡಬ್ಬಿಗೆ ಹಾಕಿದರೆ ಐದು ಅಂಕ. ಚೀಟಿ ಬಂದ ಹೊತ್ತು ಬರೆದಿಡುವವಳು ನಾನು. ಅಂಕಪಟ್ಟಿ ಬಾಗಿಲ ಎದುರಿನ ಗೋಡೆಯ ಮೇಲೆ. ಎಲ್ಲರ ಮಾನವೂ ಅಲ್ಲೇ.

ಯಜಮಾನಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರಂತೆ. "ಕಳ್ಳ ನಿನ್ನ ಆಟದೊಳಗೇ ನುಗ್ಗಿದಾನೆ. ಸಂಜೆಯೊಳಗೆ ಯಾರು ಅಂತ ಹೇಳು. ಇಲ್ಲಾಂದ್ರೆ ಆಟಾನೂ ಬೇಡ, ನೀನೂ ಬೇಡ."

ನನಗೆ ಸಂಕಟವಾಯಿತು. ಈ ಹುಡುಗಿ ಬಂದ ಮೇಲೆಯೇ ಜನ ನನ್ನ ಮೇಜಿನ ಹತ್ತಿರ ನಿಂತು ನಗುತ್ತಿದ್ದುದು.

* * *

ಮೊದಲ ಅನುಮಾನ ಸ್ಟೋರ್ಸ್‌ನವರ ಮೇಲೆ.

"ಮೇಲ್ ಬಂದ ಎರಡೇ ನಿಮಿಷಕ್ಕೆ ಚೀಟಿ ಹಾಕಿದ್ದೀರಲ್ಲ, ಹೇಗೆ?" ಎಂದು ಟೀಚರಮ್ಮ ಕೇಳಿದಳು.

"ನಾನು ಬಂದ ಮೇಲ್‌ಗೆಲ್ಲ ಹಾಕ್ತೀನಿ ಮೇಡಂ. ನಿನ್ನೆ ಹೆಂಡ್ತಿ ಕಳಿಸಿದ್ದಕ್ಕೂ ಹಾಕ್ದೆ."

"ಅಂಕ ಬಂತಾ?"

"ಬೈಗುಳ ಬಂತು."

ಅಷ್ಟರಲ್ಲಿ ಹನ್ನೆರಡಾಗಿತ್ತು. ಟೀಚರಮ್ಮ ಒಂದು ಹಳೇ ಕಂಪ್ಯೂಟರನ್ನು ಬೇರೆಯಾಗಿಟ್ಟು ಆ ಲಿಂಕ್ ಒತ್ತಿದಳು. ತೆರೆದುಕೊಂಡಿದ್ದು ಕನ್ನಡಕ ಹಾಕಿಕೊಂಡ ಒಂದು ಬೆಕ್ಕಿನ ಚಿತ್ರ. ಕೆಳಗೆ ಒಂದು ಸಾಲು: 'ಈ ಪುಟಕ್ಕೆ ಬಂದವರಲ್ಲಿ ನೀವೇ ಮೊದಲಿಗರು.'

"ಅಂದ್ರೆ ನನಗಿಂತ ಮುಂಚೆ ಯಾರೂ ಒತ್ತಿಲ್ಲ," ಎಂದಳು.

ನಾನು ಡಬ್ಬಿಯ ಚೀಟಿಗಳನ್ನೆಲ್ಲ ಮತ್ತೆ ಓದಿದೆ. ಒಂದು ಚೀಟಿ ಕೈಯಲ್ಲೇ ಉಳಿಯಿತು.

* * *

ನಾಲ್ಕು ಗಂಟೆಗೆ ನಾನೂ ಟೀಚರಮ್ಮನೂ ಯಜಮಾನಿಯ ಕೋಣೆಗೆ ಹೋದಾಗ ಅಲ್ಲಿ ಮ್ಯಾನೇಜರರೂ ಇದ್ದರು.

"ಸಾರ್, ನಿಮ್ಮ ಚೀಟಿ ಓದ್ತೀನಿ," ಎಂದೆ. "'ಪಾಸ್‌ವರ್ಡ್ ಬದಲಿಸಿ ಎಂದು ಕರೆದು ಬೆಕ್ಕನ್ನು ತೋರಿಸುತ್ತಾರೆ. ಇದು ಮೋಸ.'"

"ಸರಿಯಾಗೇ ಇದೆಯಲ್ಲ."

"ಮೇಲ್‌ನಲ್ಲಿ ಬೆಕ್ಕಿಲ್ಲ ಸಾರ್. ಅದು ಕಾಣೋದು ಲಿಂಕ್ ಒತ್ತಿದ ಮೇಲೆ. ಮೊದಲು ಒತ್ತಿದ್ದು ಟೀಚರಮ್ಮ, ಹನ್ನೆರಡಕ್ಕೆ. ನಿಮ್ಮ ಚೀಟಿ ಬಂದಿದ್ದು ಹತ್ತೂಕಾಲಿಗೆ. ಒತ್ತದೇನೇ ಬೆಕ್ಕಿನ ವಿಷಯ ಗೊತ್ತಿರೋದು ಆ ಪುಟ ಮಾಡಿದವರಿಗೆ ಮಾತ್ರ. ಕನ್ನಡಕ ಹಾಕಿರೋ ಬೆಕ್ಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮ್ಯಾನೇಜರರ ಕೈ ತಮ್ಮ ಕನ್ನಡಕಕ್ಕೆ ಹೋಯಿತು.

"ಬೆಕ್ಕು ನಮ್ಮನೇದು," ಎಂದರು ಮೆಲ್ಲಗೆ. "ಪಟ್ಟೀಲಿ ನಾನೇ ಕೊನೆ, ಮೈನಸ್ ಇಪ್ಪತ್ತು. ನನ್ನ ಕಾರಿನ ಡ್ರೈವರ್ ದಿನಾ ಅದನ್ನ ನೋಡಿ 'ಹೋಗ್ಲಿ ಬಿಡಿ ಸಾರ್' ಅಂತ ಸಮಾಧಾನ ಮಾಡ್ತಾನೆ. ತಡೆಯೋಕಾಗ್ಲಿಲ್ಲ. ನಾನೇ ಗಾಳ ಬಿಟ್ಟು ನಾನೇ ಹಿಡಿದ್ರೆ ಐದು ಅಂಕ ಸಿಗುತ್ತಲ್ಲ ಅಂತ..."

ಯಜಮಾನಿ ಅವರತ್ತ ನೋಡಲೇ ಇಲ್ಲ. ಹುಡುಗಿಯನ್ನು ಕೇಳಿದರು. "ಹೋದ ವರ್ಷ ಕಳ್ಳ ಮೇಲ್ ಬಂದಾಗ ಎಷ್ಟು ಜನ ಒತ್ತಿದ್ರು?"

"ಅರವತ್ತರಲ್ಲಿ ನಲವತ್ತೊಂದು ಜನ."

"ಈ ಸಲ?"

"ಇದು ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ ಮೇಡಂ. ಆದ್ರೂ ಒಬ್ಬರೂ..." ಅಲ್ಲಿಗೆ ಅವಳಿಗೇ ಹೊಳೆಯಿತು. ಕಣ್ಣು ತುಂಬಿ ಬಂತು.

"ಆಟ ನಡೀಲಿ. ನೀನೂ ಇರು," ಎಂದರು ಯಜಮಾನಿ.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ನನ್ನ ಐದು ಅಂಕ?"

ತಮ್ಮ ಗಾಳಕ್ಕೆ ತಾವೇ ಸಿಕ್ಕಿಬಿದ್ದಿದ್ದಕ್ಕೂ ಹತ್ತು ಖೋತಾ ಎಂದು ಸಂಜೆ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ನಾನೇ ಮೈನಸ್ ಮೂವತ್ತು ಬರೆದೆ. ಮರುದಿನ ಅವರ ಹಿಂದೆಯೇ ಒಳಗೆ ಬಂದ ಡ್ರೈವರ್ ಪಟ್ಟಿ ನೋಡಿದ. ಅವನಿಗೂ ಸಮಾಧಾನದ ಮಾತು ಸಿಗಲಿಲ್ಲ.