ಅಪರಾತ್ರಿ ತಲುಪಿದ ನೌಕೆ

"ಇದನ್ನ ತಿದ್ದಿದ್ದು ಯಾರು?"

ವಾರಪತ್ರಿಕೆಯ ಹೊಸ ಸಂಚಿಕೆಯನ್ನು ಮೇಜಿನ ಮೇಲೆ ಬಡಿದು ನಿಂತವರು ವಿಜ್ಞಾನದ ಮೇಷ್ಟ್ರು. ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. ಮನೆಯಿಂದ ಹಾಗೇ ಓಡಿ ಬಂದಿದ್ದರು.

ಅವರ ಅಂತರಿಕ್ಷದ ಧಾರಾವಾಹಿಯನ್ನು ಎಲ್ಲರಿಗಿಂತ ಮೊದಲು ಓದುತ್ತಿದ್ದವಳು ಆ ಮೇಜಿನ ಹಿಂದೆ ಕೂತಿದ್ದ ಅವಳು. ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದುವುದು ಅವಳ ಕೆಲಸ. ಹಾಗಾಗಿ ಕಚೇರಿಗೆಲ್ಲ ಅವಳು ಕರಡಮ್ಮ. ಇಪ್ಪತ್ತೊಂಬತ್ತಕ್ಕೇ ಅಮ್ಮನ ಪಟ್ಟ! ಆ ಕಥೆಗೆ ಅವಳು ಎಂದೋ ಮನಸ್ಸು ಕೊಟ್ಟಾಗಿತ್ತು. ಬರೆದವರನ್ನು ಕಂಡದ್ದು ಮಾತ್ರ ಅವತ್ತೇ ಮೊದಲು.

ಮೇಷ್ಟ್ರ ಬೆರಳು ಕಂತಿನ ಕೊನೆಯ ಸಾಲಿನ ಮೇಲಿತ್ತು. 'ನೌಕೆ ಅಪರಾತ್ರಿ ತಲುಪಿತು.'

"ನಾನು ಬರೆದಿದ್ದು ಅಪರವಿ. ಸೂರ್ಯನ್ನ ಸುತ್ತೋವಾಗ ಅವನಿಂದ ಅತೀ ದೂರ ಇರೋ ಜಾಗ. ಅಲ್ಲಿಂದಾಚೆ ಇನ್ನೂ ದೂರ ಹೋಗೋದು ಅಂತಿಲ್ಲ, ಹತ್ತಿರ ಬರೋದೊಂದೇ. ಇಂಧನ ಮುಗಿದವರಿಗೆ ಇದ್ದದ್ದು ಅದೊಂದೇ ಆಸೆ. ಅದನ್ನ ರಾತ್ರಿ ಮಾಡಿಟ್ಟಿದ್ದೀರಲ್ಲ..."

ಮೇಷ್ಟ್ರ ಕೈಬರಹವೋ ಕೋಳಿ ಕೆದಕಿದ ಹಾಗೆ. ಕಚೇರಿಯ ನಿಘಂಟಿನಲ್ಲಿ ಅಪರವಿ ಎಂಬ ಪದ ಸಿಕ್ಕಿರಲಿಲ್ಲ. ಬರೆಯುವ ಆತುರದಲ್ಲಿ 'ರಾತ್ರಿ' ಹೋಗಿ 'ರವಿ' ಆಗಿದೆಯೆಂದುಕೊಂಡು, ಕೆಂಪು ಪೆನ್ನು ಹಿಡಿದು ತಿದ್ದಿದ್ದವಳು ಅವಳೇ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಿರಲಿಲ್ಲ.

'ನಾನೇ ಅನ್ನು... ಈಗಲೇ ಅನ್ನು...' ಮನಸ್ಸು ಒಳಗಿನಿಂದ ತಿವಿಯಿತು.

ಅಷ್ಟರಲ್ಲಿ ಅಕ್ಷರ ಜೋಡಿಸುವ ದೊಡ್ಡಣ್ಣ ಕಂಪ್ಯೂಟರ್ ಬಿಟ್ಟು ಎದ್ದರು. ನಿವೃತ್ತಿಗೆ ನಾಲ್ಕು ತಿಂಗಳಿದ್ದ ಮನುಷ್ಯ. ಅವಳ ಮುಖ ಒಮ್ಮೆ ನೋಡಿ, ತನ್ನದೇ ಕೈತಪ್ಪು, ಕಣ್ಣು ಮೊದಲಿನ ಹಾಗಿಲ್ಲ ಎಂದು ಹೇಳಿಬಿಟ್ಟರು. ಅವಳು ಸುಮ್ಮನಾದಳು.

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅವರ ಜೇಬಿನ ಫೋನ್ ಹೊಡೆದುಕೊಂಡಿತು. ಪಕ್ಕದ ಮನೆಯವರು. ಮೇಷ್ಟ್ರ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕ ಈಗ ತಾನೇ ಹೋಗಿಬಿಟ್ಟರಂತೆ.

ಮೇಷ್ಟ್ರು ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಕಂಕುಳಿಗೆ ಸೇರಿಸಿಕೊಂಡು ಮೆಟ್ಟಿಲಿಳಿದರು.

ಎರಡು ತಿಂಗಳು ಧಾರಾವಾಹಿ ನಿಂತೇಹೋಯಿತು. ಆಮೇಲೊಂದು ಮಂಗಳವಾರ ಮೇಷ್ಟ್ರು ಸೊರಗಿದ ಮುಖ ಹೊತ್ತು ಬಂದರು. ಇನ್ನು ಮುಂದೆ ತಾನೂ ಕೂತು ನೋಡದೆ ಒಂದಕ್ಷರವೂ ಅಚ್ಚಾಗಕೂಡದೆಂದು ಸಂಪಾದಕರಿಗೆ ಹೇಳಿದರು.

ಅಲ್ಲಿಂದ ಪ್ರತಿ ಮಂಗಳವಾರ ಮಧ್ಯಾಹ್ನ ಅವರು ತಮ್ಮ ಕೈಬರಹ ಹಿಡಿದು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ ಗಟ್ಟಿಯಾಗಿ ಓದುವುದು; ಅವಳು ಕರಡಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಹೋಗುವುದು. ನಡುವೆ ಸೀನು ಬಂದರೆ ಮೇಷ್ಟ್ರು ನಗದೆಯೇ 'ಆಶ್ಚರ್ಯಸೂಚಕ' ಎನ್ನುತ್ತಿದ್ದರು. ನಗುವ ಸರದಿ ಅವಳದು.

ಬರುಬರುತ್ತಾ ಮನೆಯ ಮಾತೂ ಬಂತು. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಅಕ್ಕ ಬಟ್ಟೆ ಹೊಲಿದು ಓದಿಸಿದ್ದು, ಅವನಿಗಾಗಿ ಮದುವೆಯನ್ನೇ ಮರೆತದ್ದು, ಅವನ ಕಥೆಗಾಗಿ ಪ್ರತಿ ವಾರ ಪತ್ರಿಕೆಯ ದಾರಿ ಕಾಯುತ್ತಿದ್ದದ್ದು. ಕೇಳುತ್ತಾ ಕೇಳುತ್ತಾ ಅವಳ ಎದೆಯಲ್ಲಿ ಪ್ರೀತಿಯೂ ಬೆಳೆಯಿತು, ಭಯವೂ ಬೆಳೆಯಿತು. 'ಇವರಿಗೆ ನಿಜ ಗೊತ್ತಾದರೆ?'

ದೊಡ್ಡಣ್ಣನ ಬೀಳ್ಕೊಡುಗೆಯ ದಿನ ಮೇಷ್ಟ್ರು ಅವರ ಕಡೆ ತಿರುಗಿಯೂ ನೋಡಲಿಲ್ಲ. ಆ ಹಿರಿಯರು ಹಾರ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಹೊರಟಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮುಂದಿನ ಮಂಗಳವಾರ ಓದು ಮುಗಿದ ಮೇಲೆ ಮೇಷ್ಟ್ರು ಏಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಕೇಳಿದರು: "ನಮ್ಮನೇಲಿ ನಾನೊಬ್ಬನೇ. ನೀವು... ಬರ್ತೀರಾ?"

ಎಷ್ಟು ದಿನದಿಂದ ಕಾದಿದ್ದ ಮಾತು! ಹೂಂ ಅಂದುಬಿಟ್ಟರೆ ಸಾಕಿತ್ತು.

"ಅಪರವಿನ ತಿದ್ದಿದ್ದು ನಾನು," ಅಂದಳು. "ದೊಡ್ಡಣ್ಣ ಅಲ್ಲ."

ಮೇಷ್ಟ್ರು ಹಾಳೆಗಳನ್ನು ಜೋಡಿಸಿ, ತುದಿ ಸರಿಮಾಡಿ, ಎದ್ದು ಹೋದರು.

ಮತ್ತೆ ಅವರು ಬರಲಿಲ್ಲ. ಮೂರನೆಯ ವಾರ ಕೊನೆಯ ಕಂತು ಅಂಚೆಯಲ್ಲಿ ಬಂತು. ನೌಕೆಯ ಏಳು ಜನರಲ್ಲಿ ಇಬ್ಬರೇ ಮರಳಿದ್ದರು. ಅವಳು ಒಬ್ಬಳೇ ಕೂತು, ಗಟ್ಟಿಯಾಗಿ ಓದಿಕೊಂಡು, ಒಂದು ಚುಕ್ಕೆಯನ್ನೂ ಮುಟ್ಟದೆ ಅಚ್ಚಿಗೆ ಕಳಿಸಿದಳು.

ಭಾನುವಾರ ಮಧ್ಯಾಹ್ನ ಅವರ ಮನೆಯ ಬಾಗಿಲು ತಟ್ಟಿದಳು. ತೆರೆದವರ ಗಡ್ಡ ಬೆಳೆದಿತ್ತು.

"ಬೈಯೋದಿದ್ರೆ ಬೈದುಬಿಡಿ. ಕೇಳೋಕೇ ಬಂದಿದ್ದೀನಿ."

ಅವರು ಬಾಗಿಲಿನ ಚೌಕಟ್ಟಿಗೆ ಒರಗಿದರು.

"ನೌಕೆ ಅಪರವಿ ಮುಟ್ಟುತ್ತಾ ಅಂತ ಅಕ್ಕ ವಾರವೆಲ್ಲಾ ಕಾದಿದ್ಲು. ಓದಿ ನನ್ನ ಮುಖ ನೋಡಿದ್ಲು. 'ಇವರು ವಾಪಸ್ ಬರಲ್ವೇನೋ?' ಅಂದ್ಲು. ಬರ್ತಾರಕ್ಕ ಅನ್ನೋಕೆ ಎಷ್ಟು ಹೊತ್ತು ಬೇಕು? ನಾನು ಪತ್ರಿಕೆ ಕಿತ್ಕೊಂಡು ಓಡಿದೆ. ನಿಮ್ಮ ಮೇಜು ಬಡೀತಾ ನಿಂತಿದ್ದಾಗ ಅವಳು ಒಬ್ಬಳೇ ಹೋದ್ಲು."

ಅವಳ ಕಣ್ಣುಗಳು ತುಂಬಿದವು. ಒರೆಸಿಕೊಳ್ಳಲಿಲ್ಲ.

"ನಿಮ್ಮನ್ನ ದೂರಿದ್ರೆ ನನ್ನದು ಹಗುರ ಆಗುತ್ತೆ ಅಂದ್ಕೊಂಡೆ. ಮೂರು ವಾರ ದೂರಿದೆ. ಆಗಲಿಲ್ಲ."

ನಿಮ್ಮದೇನೂ ತಪ್ಪಿಲ್ಲ ಎಂಬ ಸುಳ್ಳು ಸಮಾಧಾನ ಅವಳ ಬಾಯಿಗೆ ಬರಲಿಲ್ಲ.

"ಇದನ್ನ ನಾನು ಸರಿ ಮಾಡೋಕಾಗಲ್ಲ. ನಿಮ್ಮ ಕೈಲೂ ಆಗಲ್ಲ," ಅಂದಳು. "ಆದ್ರೆ ನಿಮ್ಮನ್ನ ಬಿಟ್ಟಿರೋಕೂ ಆಗ್ತಿಲ್ಲ."

ಮೇಷ್ಟ್ರು ನೆಲ ನೋಡಿದರು. "ದೊಡ್ಡಣ್ಣನ ಮನೆ ಗೊತ್ತಾ?"

"ಗೊತ್ತು."

"ಸಂಜೆ ಹೋಗೋಣ. ಕ್ಷಮೆ ಕೇಳ್ಬೇಕು, ಇಬ್ಬರೂ."

ಅವಳು ತಲೆಯಾಡಿಸಿದಳು.

"ಊಟ ಆಯ್ತಾ?"

"ಇಲ್ಲ."

"ನಂದೂ ಇಲ್ಲ." ಅಲ್ಲಿಯವರೆಗೂ ನೀವು, ಬನ್ನಿ ಎನ್ನುತ್ತಿದ್ದ ಬಾಯಿ ಅರೆಗಳಿಗೆ ತಡೆಯಿತು. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ಒಳಗೆ ಬಾ."

"ಬಂದೆ," ಅಂದಳು ಅವಳು.