ನಡುಹೊಳೆಯಲ್ಲಿ ನಿಂತ ಮೋಟಾರು

"ಹೊಳೆ ಮಧ್ಯಕ್ಕೋದ್ರೆ ನಿಂತೋಯ್ತದೆ. ಇಲ್ಲಿ ಸರ್‍ಯಾಗಿ ಓಡ್ತದೆ. ನಾನು ಸುಳ್ಳೇಳ್ತಿವ್ನಿ ಅನ್ಕಂಡ್ರಾ?"

ಚೆಲುವಮ್ಮ ಹೀಗೆ ಕೇಳಿದಾಗ ರಂಗನಾಥ ತಲೆಯೆತ್ತಿದ. ಕೊಳ್ಳೇಗಾಲದಲ್ಲಿ, ಎಸ್‌ಟಿಡಿ ಬೂತಿನ ಪಕ್ಕದ ಅವನ ವರ್ಕ್‌ಶಾಪಿನಲ್ಲಿ, ನೀರು ತುಂಬಿದ ಡ್ರಮ್ಮಿಗೆ ಇಳಿಬಿಟ್ಟ ದೋಣಿಯ ಮೋಟಾರು ಒಂದೇ ಸಮ ಓಡುತ್ತಿತ್ತು. ಕಿಡಿ ಹಾರಿಸುವ ಪ್ಲಗ್ ಹೊಸದು, ಪಾಯಿಂಟ್ ಉಜ್ಜಿ ಚೊಕ್ಕಟ ಮಾಡಿಯಾಗಿತ್ತು. ಗೋಣಿಯಲ್ಲಿ ಸುತ್ತಿದ ಈ ಮೋಟಾರನ್ನು ಆಕೆ ಬಸ್ಸಿನಲ್ಲಿ ತಂದದ್ದು ಇದೇ ಮೊದಲೂ ಅಲ್ಲ.

ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ನಂಬಿ ಎನ್ನುವ ಬೇಡಿಕೆಯಿತ್ತು.

"ಸುಳ್ಳು ಅನ್ಲಿಲ್ಲ ಕಣ್ರಿ. ಅದು ನಿಲ್ಲೋ ಜಾಗ್ದಲ್ಲೇ ನೋಡ್ಬೇಕು. ನಾಳೆ ನಾನೇ ಬತ್ತೀನಿ."

ದೋಣಿಯಿದ್ದದ್ದು ಸತ್ತೇಗಾಲದ ಬಳಿಯ ಕಡವಿನಲ್ಲಿ. ಮೊದಲು ಅದನ್ನು ನಡೆಸುತ್ತಿದ್ದವನು ಅವಳ ಗಂಡ ಮಾದಣ್ಣ. ಒಂದು ಮಳೆಗಾಲದ ಸೆಳವಿನಲ್ಲಿ ದೋಣಿ ಬಂಡೆಗೆ ಬಡಿದು ಅವನು ನೀರುಪಾಲಾಗಿದ್ದ. ಕುಡಿದು ನಡೆಸಿದ ಎಂದಿತು ಊರು. ಅವನ ತಾಯಿ ದೊಡ್ಡಬಸಮ್ಮನೂ ಅದನ್ನೇ ನಂಬಿ, ಮಗನ ಹೆಸರೆತ್ತುವುದನ್ನೇ ಬಿಟ್ಟಿದ್ದಳು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಹೊಳೆ ದಾಟುವವರ ಒತ್ತಾಯಕ್ಕೆ ಚೆಲುವಮ್ಮ ಈಚೆಗೆ ಅದೇ ದೋಣಿ, ಅದೇ ಮೋಟಾರು ರಿಪೇರಿ ಮಾಡಿಸಿ ತಾನೇ ಹೊಳೆಗಿಳಿಸಿದ್ದಳು.

ಮರುದಿನ ನಡುಹೊಳೆಯಲ್ಲಿ ಮೋಟಾರು ಕೆಮ್ಮಿ ನಿಂತಿತು.

ಅವಳು ಹುಟ್ಟು ಹಾಕಿ ದೋಣಿಯನ್ನು ಬಂಡೆಯೊಂದಕ್ಕೆ ಒತ್ತಿದಳು. ರಂಗನಾಥ ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಹಿಡಿದು ಹಗ್ಗ ಎಳೆದ. ಕಿಡಿ ಇಲ್ಲ. ದೋಷ ಅಲ್ಲಿದೆಯೇನೋ ಎಂದು ಸ್ಟಾಪ್ ಬಟನ್ನಿನ ವೈರು ಕಳಚಿ ಮತ್ತೆ ಎಳೆದ. ಆಗಲೂ ಇಲ್ಲ.

"ವಸಿ ಆರ್ಲಿ" ಎಂದು ಕೂತ.

"ಕೆನ್ನೆ ಮೇಲೆ ಗ್ರೀಸು" ಎಂದಳು ಅವಳು, ಮೆಲ್ಲಗೆ.

ಅವನು ಒರೆಸಿಕೊಂಡದ್ದು ಇನ್ನಷ್ಟು ಹರಡಿತು. ಅವಳ ತುಟಿಯಂಚು ಸಡಿಲಿ, ಕೂಡಲೇ ಬಿಗಿಯಿತು. ನಗುವುದಕ್ಕೂ ಹೆದರುವ ಹೆಣ್ಣನ್ನು ಅವನು ಕಂಡದ್ದು ಅದೇ ಮೊದಲು.

ಎಂಜಿನ್ ಆರಿದ ಮೇಲೆ ಹಗ್ಗ ಎಳೆದಾಗ ನೀಲಿ ಕಿಡಿ ಚಟ್ಟನೆ ಹಾರಿತು.

"ಕಾಯ್ಲು, ಕಿಡಿ ಹುಟ್ಸೋ ತಂತಿ ಸುತ್ತು. ಒಳಗೆಲ್ಲೋ ಬಿಟ್ಕಂಡದೆ. ಬಿಸಿಯಾದ್ರೆ ಕಿಡಿ ಓಯ್ತದೆ, ಆರಿದ್ರೆ ಬತ್ತದೆ. ಡ್ರಮ್ನಾಗೆ ಭಾರ ಇಲ್ಲ, ಇಷ್ಟು ಬಿಸಿಯಾಗಕಿಲ್ಲ."

"ಅವರ್‍ಗೂ ಇಂಗೇ ನಿಂತೋಯ್ತಿತ್ತು. ಬೈಕಂಡು ಪ್ಲಗ್ ಬದ್ಲಾಯಿಸೋರು." ಅವಳು ಮೋಟಾರನ್ನೇ ನೋಡಿದಳು. "ಅವತ್ತೂ ಇಂಗೇ ಆಗಿರ್‍ಬೌದಾ?"

"ಆಗ್ಲೂ ಇಂಗೇ ನಿಲ್ತಿತ್ತು ಅಂದ್ರೆ ಇದೇ ಇರ್‍ಬೇಕು. ಸೆಳವ್ನಾಗೆ ನಿಂತ್ರೆ ಯಾರ್ ಕೈಲೂ ಆಯ್ತಿರ್‍ಲಿಲ್ಲ. ಕುಡೀದೆ ಇದ್ದೋರ್ ಕೈಲೂ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ಭುಜದ ಮೇಲೆ ಕೈಯಿಡಬೇಕೆನಿಸಿತು ಅವನಿಗೆ. ಇಡಲಿಲ್ಲ. ನೀರಿನತ್ತ ಮುಖ ತಿರುಗಿಸಿ ಕಾದ.

ಮೋಟಾರಿನ ದೋಷವನ್ನು ಮನೆಯಲ್ಲಿ ರಂಗನಾಥನ ಬಾಯಿಂದ ಕೇಳಿದ ದೊಡ್ಡಬಸಮ್ಮ, "ಇನ್ನೊಂದ್ಸಲ ಏಳಪ್ಪ" ಎಂದಳು. ಅವನು ಹೇಳಿದ. ಮುದುಕಿ ಜಗಲಿಗೆ ಹೋಗಿ ಹೊಳೆಯ ಕಡೆ ತಿರುಗಿ, "ಮಾದಾ" ಎಂದು ಕೂಗಿದಳು. ಬೀದಿಯವರೆಲ್ಲ ಕೇಳಿಸಿಕೊಂಡರು.

ಹೊಸ ಕಾಯ್ಲು ಕೂತ ಮೇಲೆ ಮೋಟಾರು ನಿಲ್ಲಲಿಲ್ಲ. ರಂಗನಾಥ ಬರುವುದೂ ನಿಲ್ಲಲಿಲ್ಲ.

"ಮೋಟಾರು ಸರಿಯಾಯ್ತಲ್ಲ, ಮತ್ಯಾಕ್ ಬತ್ತೀರಿ?" ಎಂದು ಒಂದು ದಿನ ಕಡವಿನಲ್ಲಿ ಚೆಲುವಮ್ಮ ಕೇಳಿದಳು, ಅವನತ್ತ ನೋಡದೆ.

"ನಿಮ್ಮನ್ನ ನೋಡಕೆ."

ಅವಳು ಬಹಳ ಹೊತ್ತು ಹಗ್ಗ ಸುತ್ತಿದಳು. "ನಂಗೆ ಅವ್ರು ಮರ್‍ತೋಗಲ್ಲ."

"ಮರೀರಿ ಅಂತ ನಾನೆಲ್ಲಿ ಕೇಳ್ದೆ?"

"ಅತ್ತೇನ ಬಿಟ್ಬರಕಿಲ್ಲ."

"ಅವ್ರನ್ನೂ ಕರ್‍ಕೊಂಡೇ ಬನ್ನಿ."

ಆಗ ಅವಳು ಮುಖವೆತ್ತಿ ಅವನನ್ನು ನೇರವಾಗಿ ನೋಡಿದಳು.

ಕಾರ್ತಿಕದ ಒಂದು ಸೋಮವಾರ, ಬೆಟ್ಟದ ಮೇಲಿನ ಮಾದಪ್ಪ ದೇವರ ಸನ್ನಿಧಿಯಲ್ಲಿ ತಾಳಿ ಕಟ್ಟಿಸಲು ದೊಡ್ಡಬಸಮ್ಮನೇ ಇಬ್ಬರನ್ನೂ ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಯಾರೋ ಹೆಂಗಸಿನ ಪಕ್ಕ ತಾನು ಕೂತು, ಎದುರಿನ ಖಾಲಿ ಸೀಟು ತೋರಿಸಿ ಗದರಿದಳು: "ಇನ್ನೂ ನಿಂತೇ ಇದ್ದೀರಲ್ಲ! ಕೂತ್ಕಳಿ ಜೊತೇಲಿ."

ಹನೂರು ದಾಟಿ ಬಸ್ಸು ಘಾಟಿ ಹತ್ತಿತು. ತಿರುವಿನಲ್ಲಿ ಚೆಲುವಮ್ಮ ಅವನತ್ತ ವಾಲಿದಳು. ರಸ್ತೆ ನೇರವಾದ ಮೇಲೂ ಸರಿಯಲಿಲ್ಲ.