ಏನೂ ಕೇಳದ ಸಿಡಿ

ಎಕ್ಸ್‌ರೇ ತೆಗೆಯುವ ಅಕ್ಕ ಅವನ ಮೇಲೆ ಒಂದು ಸಲವಾದರೂ ಅನುಮಾನಪಟ್ಟಿದ್ದರೆ ಅವನಿಗೆ ಅವಳ ಮೇಲೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅನುಮಾನಪಟ್ಟಿದ್ದರೆ ಜಗಳವಾಡಬಹುದಿತ್ತು, ಮುಖ ಊದಿಸಿಕೊಂಡು ಓಡಾಡಬಹುದಿತ್ತು. ಅವಳು ಅದಕ್ಕೂ ಆಸ್ಪದ ಕೊಡಲಿಲ್ಲ. ಸ್ಕ್ಯಾನಿಂಗ್ ಸೆಂಟರಿನವರೆಲ್ಲ ಅವಳ ಬೆನ್ನ ಹಿಂದೆ ಪಿಸುಗುಟ್ಟುತ್ತಿದ್ದ ಹೊತ್ತಿನಲ್ಲಿ ನೇರವಾಗಿ ಅವನ ಮೇಜಿಗೇ ಬಂದಳು.

"ತಮ್ಮಾ, ಆ ಹಳೇ ಮಿಷಿನ್ ಒಂದು ಸರಿ ಮಾಡ್ಕೊಟ್ಬಿಡು. ದರ್ಜಿ ಚಿತ್ರ ಅದ್ರಲ್ಲೇ ಇದೆ. ಒಂದ್ಸಲ ತೆರೆದ್ರೆ ಸಾಕು, ನನ್ನ ಮಾನ ಉಳಿಯುತ್ತೆ."

"ಆಯ್ತಕ್ಕ, ಸರಿ ಮಾಡ್ತೀನಿ," ಎಂದ. ಪ್ರಿಂಟರ್ ಕೆಟ್ಟರೂ ಫ್ಯಾನ್ ನಿಂತರೂ ಅವನು ಹೇಳುತ್ತಿದ್ದುದು ಇದೊಂದೇ ಮಾತು. ಹಾಗಾಗಿ ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಅವನಿಗೆ ಸರಿಮಾಡಣ್ಣ ಎಂದೇ ಹೆಸರು ಬಿದ್ದಿತ್ತು.

ತಪ್ಪು ಮಾಡಿದವನು ಅವನೇ. ಎಕ್ಸ್‌ರೇ ಕೋಣೆಯಿಂದ ಬಂದ ಚಿತ್ರಗಳಿಗೆ ಹೆಸರು ಹಚ್ಚಿ, ಅವನ್ನು ಕೂಡಿಡುವ ಹಳೆಯ ಕಂಪ್ಯೂಟರ್ ಮಿಷಿನ್ನಿಗೆ ಸಾಗಿಸುವುದು ಅವನ ಕೆಲಸ. ಆ ದಿನ ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಭಾಮೈದನ ಜೊತೆ ಹರಟುತ್ತಾ ಸಾಗಿಸಿದ. ಎರಡು ಎದೆಗಳ ಹೆಸರು ಅದಲುಬದಲಾಯಿತು. ಎದೆಯೊಳಗೆ ರೋಗದ ಮಚ್ಚೆಯಿದ್ದ ದರ್ಜಿಗೆ ಏನೂ ಇಲ್ಲ ಎಂಬ ವರದಿ ಹೋಯಿತು. ಈಜು ಕಲಿಸುವ ಮೇಷ್ಟರೊಬ್ಬರಿಗೆ ದರ್ಜಿಯ ಮಚ್ಚೆ ಹೋಯಿತು. ಮೇಷ್ಟರು ಹೌಹಾರಿ ಮತ್ತೆ ಬಂದರು, ಮತ್ತೆ ಚಿತ್ರ ತೆಗೆಸಿದರು. ಎದೆ ಕನ್ನಡಿಯಂತಿತ್ತು. ಮೇಷ್ಟರ ಮೈಕಟ್ಟು ನೋಡಿ ಎಕ್ಸ್‌ರೇ ಮಿಷಿನ್ನಿಗೂ ಹೊಟ್ಟೆಕಿಚ್ಚು ಬಂದಿದೆ ಎಂದು ಎಲ್ಲರೂ ನಕ್ಕರು, ಅವನೂ ನಕ್ಕ.

ನಕ್ಕು ಬಂದು ತನ್ನ ಕೋಣೆಯಲ್ಲಿ ಕೂತು, ಮೇಷ್ಟರ ಹೆಸರಿನಲ್ಲಿದ್ದ ಆ ಮೊದಲ ಚಿತ್ರವನ್ನು ತೆರೆದು ನೋಡಿದ. ಅಕ್ಕ ಪ್ರತಿ ಎದೆಯ ಮೂಲೆಯಲ್ಲೂ ಸೀಸದ ಅಂಕಿಗಳನ್ನು ಜೋಡಿಸಿಡುತ್ತಿದ್ದಳು. ಸೀಸವನ್ನು ಕಿರಣ ದಾಟುವುದಿಲ್ಲವಾದ್ದರಿಂದ ರೋಗಿಯ ಸಂಖ್ಯೆ ಚಿತ್ರದೊಳಗೇ ಅಚ್ಚಾಗಿ ಉಳಿಯುತ್ತದೆ. ಹೆಸರನ್ನು ಯಾರು ಬೇಕಾದರೂ ಬದಲಾಯಿಸಬಹುದು, ಆ ಅಂಕಿಯನ್ನು ಆಗದು. ಅಲ್ಲಿದ್ದದ್ದು ದರ್ಜಿಯ ಸಂಖ್ಯೆ. ದರ್ಜಿಯ ಫೋನ್ ನಂಬರೂ ಪಕ್ಕದಲ್ಲೇ ಇತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಯ ಹೊತ್ತಿಗೆ, ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಜೊತೆ ಸೇರಿಕೊಂಡಿತು. ಒಂದು ವಾರ ಕಳೆಯುವಷ್ಟರಲ್ಲಿ ಅದು ಬಾಯಿಬಿಡಲಾಗದ ಮಾತಾಯಿತು.

ತಿಂಗಳುಗಳ ಮೇಲೆ ದರ್ಜಿಯನ್ನು ಅವನ ಮಗಳು ತೋಳು ಹಿಡಿದು ನಡೆಸಿಕೊಂಡು ಬಂದಳು. ಇನ್ನೊಬ್ಬರ ಅಳತೆಗೆ ತಕ್ಕ ಹಾಗೆ ಹೊಲಿಯುವ ಮನುಷ್ಯನ ಮೈಮೇಲೆ ಅವನದೇ ಅಂಗಿ ಜೋಲಾಡುತ್ತಿತ್ತು. ಸರಿಮಾಡಣ್ಣ ಅದನ್ನು ಬಾಗಿಲ ಸಂದಿಯಿಂದ ನೋಡಿ ಒಳಕ್ಕೆ ಸರಿದುಕೊಂಡ. ಸೆಂಟರಿನ ಒಡತಿ ಡಾಕ್ಟರಮ್ಮ ತಪ್ಪು ವರದಿ ಹೋದದ್ದು ಹೇಗೆಂದು ಚಿತ್ರ ತೆಗೆದವಳನ್ನೇ ಕೇಳಿದರು, ಚಿತ್ರ ತೆಗೆದವಳು ಅಕ್ಕ. ದೊಡ್ಡಾಸ್ಪತ್ರೆಯ ಡಾಕ್ಟರೊಬ್ಬರು ಬಂದು ಹಳೆಯ ಚಿತ್ರಗಳನ್ನು ನೋಡುವವರೆಗೆ ಅವಳು ಎಕ್ಸ್‌ರೇ ಕೋಣೆಗೆ ಹೋಗದೆ ಟೋಕನ್ ಕೊಡುವ ಕಿಟಕಿಯಲ್ಲಿ ಕೂರಬೇಕೆಂದು ತೀರ್ಮಾನವಾಯಿತು.

ಅಷ್ಟರಲ್ಲಿ ಹಳೆಯ ಮಿಷಿನ್ ತಾನಾಗಿಯೇ ಕೈಕೊಟ್ಟಿತ್ತು. ಇದರಲ್ಲಿ ಅವನ ಕೈವಾಡವೇನೂ ಇಲ್ಲ. ಒಳಗಿನ ಆಪರೇಟಿಂಗ್ ಸಿಸ್ಟಮ್ ಕೆಟ್ಟಿತ್ತು, ಹಾರ್ಡ್ ಡಿಸ್ಕ್ ನೆಟ್ಟಗಿತ್ತು. ಚಿತ್ರಗಳಿದ್ದದ್ದು ಅದೊಂದರಲ್ಲೇ. ಇನ್ನೊಂದು ಪ್ರತಿ ಇಟ್ಟುಕೊಳ್ಳೋಣ ಎಂದು ಅವನು ಹಿಂದೆ ಕೇಳಿದಾಗಲೆಲ್ಲ ಡಾಕ್ಟರಮ್ಮ "ಮುಂದಿನ ತಿಂಗಳು ನೋಡೋಣ" ಎಂದಿದ್ದರು. ಆಗ ಬೇಜಾರಾಗಿತ್ತು. ಈಗ ಆ ಮುಂದಿನ ತಿಂಗಳು ಬಾರದೆ ಇದ್ದದ್ದೇ ಒಳ್ಳೆಯದಾಯಿತು ಎನ್ನಿಸಿತು.

ಸಿಸ್ಟಮ್ ಹೊಸದಾಗಿ ಹಾಕೋಣವೆಂದರೆ ಮಾಮೂಲಿ ಸಿಡಿ ಆ ಮಿಷಿನ್ನಿಗೆ ಹೊಂದುತ್ತಿರಲಿಲ್ಲ. ಹಾರ್ಡ್ ಡಿಸ್ಕನ್ನು ನಡೆಸುತ್ತಿದ್ದದ್ದು ಬೇರೆಯೇ ಒಂದು ಕಂಟ್ರೋಲರ್ ಕಾರ್ಡು. ಅದನ್ನು ಗುರುತಿಸುವ, ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಸಿಡಿಯಲ್ಲಿ ಇರಲಿಲ್ಲ. ಅರ್ಧ ದಾರಿ ಹೋಗಿ, ಈ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕೇ ಇಲ್ಲ ಎಂದು ಕೈಯೆತ್ತಿಬಿಡುತ್ತಿತ್ತು. ಡ್ರೈವರನ್ನು ಒಳಗೆ ಸೇರಿಸಿ ಆ ಮಿಷಿನ್ನಿಗೆಂದೇ ಒಂದು ಸಿಡಿ ತಯಾರಿಸಬೇಕು. ಅದನ್ನು ಮಾಡಬಲ್ಲವನು ಅಲ್ಲಿ ಅವನೊಬ್ಬನೇ. ಡಾಕ್ಟರಮ್ಮ ಅದನ್ನೇ ಹೇಳಿದರು, "ಚಿತ್ರಕ್ಕೇನೂ ಆಗ್ಬಾರ್ದು, ಹುಷಾರು" ಎಂದೂ ಸೇರಿಸಿದರು. ಯೋಜನೆ ಹೊಳೆದದ್ದು ಆಗ.

ಒಂದಲ್ಲ, ಎರಡು ಸಿಡಿ. ಎರಡರಲ್ಲೂ ಅದೇ ಸಿಸ್ಟಮ್, ಅದೇ ಡ್ರೈವರ್. ಮೊದಲನೆಯದು ಸಾಚಾ ಸಿಡಿ. ಹಾರ್ಡ್ ಡಿಸ್ಕ್ ಕಂಡೊಡನೆ ನಿಂತು ಕೇಳುತ್ತದೆ: ಸಿಸ್ಟಮ್ ಇರುವ ಸಣ್ಣ ಭಾಗಕ್ಕಷ್ಟೇ ಹಾಕಲೋ, ಇಡೀ ಡಿಸ್ಕನ್ನು ಅಳಿಸಲೋ? ಎರಡನೆಯದು ಏನೂ ಕೇಳುವುದಿಲ್ಲ. ಉತ್ತರಗಳನ್ನೆಲ್ಲ ಅವನು ಮೊದಲೇ ತುಂಬಿಟ್ಟಿರುತ್ತಾನೆ. ಅದು ಇಡೀ ಡಿಸ್ಕನ್ನು ಒರೆಸಿ, ಮೇಲೆ ಸೊನ್ನೆಗಳನ್ನು ಬಳಿದು, ಆಮೇಲೆ ಸಿಸ್ಟಮ್ ಹಾಕುತ್ತದೆ. ಎಂಥ ಪರಿಣತ ಬಂದರೂ ಅದರೊಳಗಿಂದ ಒಂದು ಪಕ್ಕೆಲುಬನ್ನೂ ಮೇಲೆತ್ತಲಾರ.

ಏನೂ ಕೇಳದ ಸಿಡಿಯನ್ನು ಮಿಷಿನ್ನಿಗೆ ಹಾಕುವ ಕೈ ಮಾತ್ರ ಅವನದಾಗಿರಬಾರದು. ಹೊರಗಿನ ಇಂಜಿನಿಯರ್ ಬಂದರೆ ಹಾಕುವ ಮೊದಲು ಒಳಗೇನಿದೆ ಎಂದು ನೋಡುತ್ತಾನೆ. ಯಾವ ಪ್ರಶ್ನೆಯನ್ನೂ ಎತ್ತದೆ ನಂಬಿ ಹಾಕುವವರು ಯಾರು ಎಂದು ಯೋಚಿಸಿದಾಗ ಒಂದೇ ಮುಖ ನೆನಪಾಯಿತು. ನೆನಪಾದದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ದಿನಾ ಎರಡು ಡಬ್ಬಿ ಊಟ ತಂದು, ಒಂದನ್ನು ಮಾತಿಲ್ಲದೆ ಅವನ ಮೇಜಿನ ಮೇಲಿಟ್ಟು ಹೋಗುತ್ತಿದ್ದವಳು ಅಕ್ಕ. ಆದರೆ ಹೇಸಿಗೆಯಿಂದ ಯೋಜನೆಯೇನೂ ನಿಲ್ಲಲಿಲ್ಲ. ಕೆಲಸ ಹೋದರೆ ಅವಳಿಗೆ ಬೇರೆ ಕಡೆ ಸಿಗುತ್ತದೆ ಎಂದು ಸಮಾಧಾನ ಮಾಡಿಕೊಂಡ. ರೋಗಿಯ ಪ್ರಾಣಕ್ಕೆ ಕುತ್ತು ತಂದವಳು ಎಂಬ ಹೆಸರು ಹೊತ್ತವಳಿಗೆ ಎಲ್ಲಿ ಸಿಗುತ್ತದೆ ಎಂದು ಮನಸ್ಸು ಕೇಳಿದಾಗ ಎದ್ದು ಹೋಗಿ ಕಾಫಿ ಕುಡಿದು ಬಂದ.

ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿದ. ಕೆಟ್ಟದ್ದನ್ನೂ ಒಪ್ಪವಾಗಿ ಮಾಡುವ ಚಟ ಅವನದು. ಕಾರ್ಡು ತಯಾರಿಸಿದವರ ಜಾಲತಾಣದಿಂದ ಡ್ರೈವರ್ ಹುಡುಕಿ ತೆಗೆದ. ಅದರ ಕಡತಗಳನ್ನು ಸಿಡಿಯ ಪ್ರತಿಯೊಳಗೆ ಸೇರಿಸಿದ. ಇಂಥ ಕಾರ್ಡು ಕಂಡರೆ ಇದನ್ನು ಬಳಸು ಎಂದು ಸಿಡಿಗೆ ತಿಳಿಸುವ ಸಾಲುಗಳನ್ನು ಬರೆದ. ಮೊದಲ ಸಲ ಒಂದು ಕಡತದ ಜಾಗ ತಪ್ಪಿ, ಮಿಷಿನ್ ನೀಲಿ ಪರದೆ ತೋರಿಸಿ ನಿಂತಿತು. ತಿದ್ದಿ ಮತ್ತೊಂದು ಸಿಡಿ ತಯಾರಿಸಿದ. ಈ ಸಲ ಹಾರ್ಡ್ ಡಿಸ್ಕ್ ಪರದೆಯ ಮೇಲೆ ಮೂಡಿತು, ಅದರ ಗಾತ್ರದ ಸಮೇತ. ಅವನಿಗೆ ಸಂತೋಷವಾಯಿತು. ಆ ಸಂತೋಷ ನಿಜವಾದದ್ದಾಗಿತ್ತು, ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಅಲ್ಲಿಗೇ ಮಿಷಿನ್ ಆರಿಸಿ, ಏನೂ ಕೇಳದ ಇನ್ನೊಂದನ್ನೂ ತಯಾರಿಸಿ, ಎರಡು ಸಿಡಿಗಳ ಮೇಲೂ 'ಹಳೇ ಮಿಷಿನ್' ಎಂದು ಒಂದೇ ಥರ ಬರೆದ.

ಊರಾಚೆ ಹೊಸ ಮನೆ ಮಾಡಿದ್ದ ಭಾಮೈದನಿಗೆ ಸಾಮಾನು ಸಾಗಿಸಲು ಸಹಾಯ ಬೇಕಿತ್ತು. ಅವನು ರಜೆ ಹಾಕಿ ಹೆಂಡತಿಯ ಜೊತೆ ಹೊರಟ. ಹೊರಡುವ ಮುನ್ನ ಏನೂ ಕೇಳದ ಸಿಡಿಯನ್ನು ಅಕ್ಕನ ಕೈಗೆ ಕೊಟ್ಟು, ಸಾಚಾ ಸಿಡಿಯನ್ನು ತನ್ನ ಚೀಲದಲ್ಲಿಟ್ಟುಕೊಂಡಿದ್ದ. ಮರುದಿನ ಬೆಳಗ್ಗೆ ಮಂಚದ ಒಂದು ತುದಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಫೋನ್ ಬಂತು.

"ತಮ್ಮಾ, ನೀನು ಬರೋವರ್ಗೂ ಕಾಯ್ಲಾ?"

"ಬೇಡಕ್ಕ, ದೊಡ್ಡಾಸ್ಪತ್ರೆ ಡಾಕ್ಟ್ರು ನಾಳಿದ್ದೇ ಬರ್ತಾರಲ್ಲ. ಸಿಡಿ ಹಾಕಿ ಆನ್ ಮಾಡಿ, ಅಷ್ಟೇ. ಅದೇ ನೋಡ್ಕೊಳ್ಳುತ್ತೆ."

"ಚಿತ್ರಕ್ಕೇನೂ ಆಗಲ್ಲ ತಾನೆ?"

"ನಾನಿದ್ದೀನಲ್ಲಕ್ಕ," ಎಂದ. ಮಂಚದ ಇನ್ನೊಂದು ತುದಿ ಹಿಡಿದಿದ್ದ ಭಾಮೈದ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳಲಿ, ತಾನು ಊರಲ್ಲಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಊಟಕ್ಕೆ ಕೂತಾಗ ಹೆಂಡತಿ, "ಅಕ್ಕನ್ನ ಒಂದ್ಸಲ ಮನೆಗೆ ಕರೀಬೇಕು ಕಣ್ರೀ. ಪಾಪ, ಎಷ್ಟು ನೊಂದಿದ್ದಾರೋ," ಎಂದಳು. "ಊಟ ಮಾಡ್ವಾಗಲೂ ಆಫೀಸಿನ ಪುರಾಣ ಬೇಕಾ?" ಎಂದು ರೇಗಿದ. ಅವಳು ಅವನನ್ನೇ ನೋಡಿದಳು. ಅವನು ಕೈ ತೊಳೆಯಲು ಎದ್ದ.

ಹಿಂತಿರುಗಿದ ದಿನ ಎಲ್ಲರಿಗಿಂತ ಮೊದಲು ಸೆಂಟರಿಗೆ ಹೋದ. ಹಳೆಯ ಮಿಷಿನ್ ಆನ್ ಮಾಡಿದ. ಹೊಸ ಸಿಸ್ಟಮ್ ಗರಿಗರಿಯಾಗಿ ತೆರೆದುಕೊಂಡಿತು. ಒಳಗೆ ಒಂದು ಚಿತ್ರವೂ ಇರಲಿಲ್ಲ. ಗೆದ್ದ ಖುಷಿ ಬರುತ್ತದೆ ಎಂದುಕೊಂಡಿದ್ದ, ಬರಲಿಲ್ಲ. ಆದರೂ ಕೈ ತನ್ನ ಕೆಲಸ ಮಾಡಿತು. ಮಿಷಿನ್ನಿನಲ್ಲೇ ಇದ್ದ ಸಿಡಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡು, ಅದರ ಜಾಗದಲ್ಲಿ ಸಾಚಾ ಸಿಡಿಯನ್ನು ಇಟ್ಟ. ಇನ್ನು ಯಾರು ಬಂದು ಪರೀಕ್ಷಿಸಿದರೂ ಅದು ಕೇಳಿಯೇ ಕೇಳುತ್ತದೆ. ತಪ್ಪಿ ಅಳಿಸು ಎಂದು ಒತ್ತಿದವಳು ಅಕ್ಕ, ಅಥವಾ ಅಳಿಸಬೇಕೆಂದೇ ಒತ್ತಿದವಳು ಅಕ್ಕ.

ಡಾಕ್ಟರಮ್ಮ, ಅಕ್ಕ ಇಬ್ಬರೂ ಒಟ್ಟಿಗೆ ಬಂದರು. ಅಕ್ಕ ಅವನನ್ನು ಕಂಡೊಡನೆ, "ಬಂದ್ಯಾ ತಮ್ಮಾ, ನಿನ್ಗೇ ಕಾಯ್ತಿದ್ವಿ. ಒಂದು ವಿಷ್ಯ ಹೇಳ್ಬೇಕಿತ್ತು," ಎಂದಳು. ಅವನು ಬಿಡಲಿಲ್ಲ. ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದ ಮಾತು ತುದಿ ನಾಲಗೆಯಲ್ಲಿತ್ತು.

"ಮೊದ್ಲು ನಾನು ಹೇಳೋದು ಕೇಳಿ ಅಕ್ಕ. ಮಿಷಿನ್ ನೋಡ್ದೆ. ಒಂದು ಚಿತ್ರಾನೂ ಉಳಿದಿಲ್ಲ. ಅಳಿಸ್ಲಾ ಅಂತ ಕೇಳ್ದಾಗ ನೀವು ಹೂಂ ಅಂತ ಒತ್ತಿಬಿಟ್ರಾ?"

ಡಾಕ್ಟರಮ್ಮ ಅಕ್ಕನ ಕಡೆ ತಿರುಗಿದರು. ಇಬ್ಬರಿಗೂ ಆಘಾತವಾಗಿದೆ ಎಂದು ಅವನು ಎಣಿಸಿದ. ಅಕ್ಕ ಮೆಲ್ಲಗೆ, "ಅದು ಏನೂ ಕೇಳ್ಲಿಲ್ಲ ಕಣೋ," ಎಂದಳು.

"ಕೇಳುತ್ತೆ ಅಕ್ಕ. ಬನ್ನಿ, ತೋರಿಸ್ತೀನಿ." ಮಿಷಿನ್ ಆರಿಸಿ ಮತ್ತೆ ಹಚ್ಚಿದ. ಸಿಡಿ ಗಿರ್ರೆಂದು ತಿರುಗಿತು, ಅವನ ಡ್ರೈವರ್ ಹಾರ್ಡ್ ಡಿಸ್ಕನ್ನು ಗುರುತಿಸಿತು, ಪರದೆಯ ಮೇಲೆ ಪ್ರಶ್ನೆ ಬಂದು ನಿಂತಿತು. "ನೋಡಿ. ಇಷ್ಟು ದೊಡ್ಡಕ್ಷರದಲ್ಲಿ ಕೇಳುತ್ತೆ. ಗಾಬ್ರೀಲಿ ಒತ್ತಿರ್ತೀರಿ, ಯಾರಿಗಾದ್ರೂ ಆಗುತ್ತೆ. ಅಕ್ಕಂದೇ ತಪ್ಪು ಅಂತ ನಾನು ಹೇಳಲ್ಲ ಡಾಕ್ಟ್ರೇ." ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ತಲೆಯೆತ್ತಲಾಗಲಿಲ್ಲ. ನೋಡಿದವರಿಗೆ ಅದು ಮರುಕದಂತೆ ಕಾಣುತ್ತದೆ ಎಂದು ಧೈರ್ಯ ತಂದುಕೊಂಡ.

ಡಾಕ್ಟರಮ್ಮ ಪರದೆಯ ಪ್ರಶ್ನೆಯನ್ನು ಓದಿದರು. "ಅಕ್ಕ ಸಿಡಿ ಹಾಕ್ದಾಗ ನಾನು ಪಕ್ಕದಲ್ಲೇ ಕುರ್ಚಿ ಎಳ್ಕೊಂಡು ಕೂತಿದ್ದೆ. ಇದು ಬರ್ಲೇ ಇಲ್ಲ," ಎಂದರು. ದನಿ ಏರಲಿಲ್ಲ. "ಕೇಳದೇ ಎಲ್ಲಾ ಒರೆಸ್ತು. ಪ್ರಶ್ನೆ ಹಾಕೋದು ಮರ್ತಿದ್ದಾನೆ, ಕೂಗಾಡ್ಬೇಡಿ ಅಂತ ಇವಳು ಅವತ್ತಿಂದ ನನ್ನ ತಲೆ ತಿಂತಿದ್ದಾಳೆ. ದರ್ಜಿ ಚಿತ್ರದ ಹೆಸರು ಬದ್ಲಾಗಿರೋದಕ್ಕೂ ಅದೇ ಮಾತು, ಕೈ ತಪ್ಪಿರುತ್ತೆ ಬಿಡಿ ಅಂತ. ಈಗ ಹೇಳು, ಅವತ್ತಿನ ಸಿಡಿ ಎಲ್ಲಿ?"

ದರ್ಜಿಯ ಚಿತ್ರ ಎಂಬ ಮಾತು ತಲೆಗೆ ಹತ್ತಲು ಅವನಿಗೆ ಹೊತ್ತು ಹಿಡಿಯಿತು. ಒರೆಸಿ ಹೋದ ಚಿತ್ರವನ್ನು ಇವರು ನೋಡಿದ್ದು ಹೇಗೆ? ಡಾಕ್ಟರಮ್ಮ ಬೀರು ತೆಗೆದು, ಭದ್ರವಾಗಿ ಎತ್ತಿಟ್ಟಿದ್ದ ಹಳೆಯ ಹಾರ್ಡ್ ಡಿಸ್ಕನ್ನು ಮೇಜಿನ ಮೇಲಿಟ್ಟರು. ಅಕ್ಕ ಅವನ ಮುಖ ನೋಡಲಾರದೆ, ತಾನೇ ತಪ್ಪು ಮಾಡಿದವಳ ಹಾಗೆ, ಗೋಡೆಯ ಕಡೆ ತಿರುಗಿಕೊಂಡು ಹೇಳಿದಳು: "ಎಕ್ಸ್‌ರೇ ಮಿಷಿನ್ ಬೆಳಿಗ್ಗೆ ಆನ್ ಮಾಡ್ದಾಗ ಮೊದಲ್ನೇ ಸಲ ಮೇಜಿನ ಮೇಲೆ ಯಾರನ್ನೂ ಮಲಗಿಸಲ್ಲ ತಮ್ಮಾ. ಖಾಲಿ ಮೇಜಿಗೇ ಒಂದ್ಸಲ ಕಿರಣ ಹೊಡೆದು ನೋಡ್ತೀವಿ, ಎಲ್ಲಾ ಸರಿಯಿದ್ರೆ ಆಮೇಲೆ ಮನುಷ್ಯರು. ನಂಗೆ ಗೊತ್ತಿರೋದು ಅದೊಂದೇ. ಹಳೇ ಡಿಸ್ಕ್ ಹೊರಗೆಳೆದಿಟ್ಟು, ಖಾಲಿದೊಂದು ಹಾಕಿ ನಿನ್ನ ಸಿಡಿ ಓಡಿಸ್ದೆ. ಆಮೇಲೆ ಹಳೇದನ್ನ ಪಕ್ಕದಲ್ಲಿ ಸಿಕ್ಕಿಸ್ದೆ, ನಿನ್ನ ಡ್ರೈವರ್ ಚೆನ್ನಾಗಿತ್ತು, ದರ್ಜಿ ಚಿತ್ರಾನೂ ಸೀಸದ ಅಂಕೀನೂ ತಕ್ಷಣ ತೋರಿಸ್ತು."